ಹೊಟ್ಟೆ, ಲಿವರ್ ತಜ್ಞರ ಪೇಪರ್, ಸೈಟೇಷನ್, ಎಚ್-ಇಂಡೆಕ್ಸ್: ನಾವೇ ಪರಿಶೀಲಿಸುವುದು ಹೇಗೆ?

ಹೊಟ್ಟೆ, ಕರುಳು, ಲಿವರ್ ತಜ್ಞರೊಬ್ಬರನ್ನು ಪರಿಚಯಿಸುವಾಗ ಈಗ ಮೂರು ಅಂಕಿ ತಪ್ಪದೆ ಬರುತ್ತವೆ. ಎಷ್ಟು ಪೇಪರ್ (ಜರ್ನಲ್‌ನಲ್ಲಿ ಅಚ್ಚಾದ ಸಂಶೋಧನಾ ಲೇಖನ), ಎಷ್ಟು ಸೈಟೇಷನ್, ಇವೆರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್ ಎಷ್ಟು. ಸನ್ಮಾನದ ಆಹ್ವಾನ ಪತ್ರಿಕೆಯಲ್ಲಿ ಇರುತ್ತವೆ, ಆಸ್ಪತ್ರೆಯ ಜಾಹೀರಾತಿನಲ್ಲಿ ಇರುತ್ತವೆ, ಊರಿನ ಪತ್ರಿಕೆಯ ಸುದ್ದಿಯಲ್ಲೂ ಇರುತ್ತವೆ. ಓದಿದವರು ‘ದೊಡ್ಡವರು’ ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಅಂಕಿ ಎಲ್ಲಿಂದ ಬಂತು, ಏನನ್ನು ಹೇಳುತ್ತದೆ ಎಂದು ಕೇಳುವವರು ಕಡಿಮೆ.

ಹಾಸನದಲ್ಲಿ ಪಿಜಿ ವಿದ್ಯಾರ್ಥಿಗಳಿಗೆ ಪೇಪರ್ ಹುಡುಕಲು ನೆರವಾಗುವ ಕೆಲಸ ನನ್ನದು. ಹಾಗಾಗಿ ಈ ಪ್ರಶ್ನೆ ನನ್ನ ಬಳಿ ಪದೇ ಪದೇ ಬರುತ್ತದೆ. ಮುಂದೆ ಗ್ಯಾಸ್ಟ್ರೋಎಂಟರಾಲಜಿಯಲ್ಲಿ, ಅಂದರೆ ಹೊಟ್ಟೆ, ಕರುಳು, ಲಿವರ್ ವಿಭಾಗದಲ್ಲಿ, ಡಿಎಂ ಎಂಬ ಉನ್ನತ ತಜ್ಞ ಪದವಿ ಮಾಡಬೇಕು, ಯಾರ ಕೈಕೆಳಗೆ ಕಲಿಯೋದು ಎಂದು ಹುಡುಗರು ಕೇಳುತ್ತಾರೆ. ಸಂಘ ಸಂಸ್ಥೆಯವರು ಪರಿಚಯ ಪತ್ರ ಬರೆಯಲು ಬರುತ್ತಾರೆ. ರೋಗಿಗಳ ಮನೆಯವರೂ ಕೇಳುತ್ತಾರೆ: ‘ಇವರಿಗೆ ಎಂಟು ಸಾವಿರ ಸೈಟೇಷನ್ ಅಂತೆ, ಇವರ ಹತ್ತಿರವೇ ಹೋಗೋಣ್ವಾ?’ ಒಂದು ಫೋನು, ಒಂದು ಸಂಜೆಯ ಬಿಡುವು ಇದ್ದರೆ ಸಾಕು, ಯಾರು ಬೇಕಾದರೂ ಇದನ್ನು ಪರಿಶೀಲಿಸಬಹುದು. ನಾನು ಮಾಡುವ ಕ್ರಮ ಕೆಳಗಿದೆ.

ಹಂತ 1: ಯಾಕೆ ನೋಡುತ್ತಿದ್ದೀರಿ?

ಸೈಟೇಷನ್ ಅಂದರೆ ಒಂದು ಪೇಪರನ್ನು ಇನ್ನೊಂದು ಪೇಪರು ತನ್ನ ಉಲ್ಲೇಖಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದು. ಬೇರೆ ಸಂಶೋಧಕರು ಆ ಕೆಲಸವನ್ನು ಗಮನಿಸಿದ್ದಾರೆ ಎನ್ನುವುದಕ್ಕೆ ಅದು ಸಾಕ್ಷಿ. ಅಷ್ಟೇ ಸಾಕ್ಷಿ.

ಚಿಕಿತ್ಸೆಗಾಗಿ ವೈದ್ಯರನ್ನು ಹುಡುಕುತ್ತಿದ್ದರೆ ಈ ಲೇಖನದ ಬಹುಪಾಲು ನಿಮಗೆ ಬೇಡ. ಪಿತ್ತನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಮಾಡಿಸಬೇಕು ಅಂದುಕೊಳ್ಳಿ. ಆಗ ಕೇಳಬೇಕಾದ್ದು ಎಚ್-ಇಂಡೆಕ್ಸ್ ಅಲ್ಲ. ಇದನ್ನು ನೀವು ಎಷ್ಟು ಮಾಡಿದ್ದೀರಿ, ತೊಂದರೆ ಆದರೆ ರಾತ್ರಿ ಯಾರು ಇರುತ್ತಾರೆ, ಸರ್ಜನ್ ಇಲ್ಲೇ ಸಿಗುತ್ತಾರಾ ಎಂದು ಕೇಳಿ. ಶಿರಾಡಿ ಇಳಿದು ಮಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕಾ, ಬೆಂಗಳೂರೇ ಸರಿಯಾ ಅನ್ನುವುದನ್ನು ನಿಮ್ಮೂರಿನ ಫಿಸಿಷಿಯನ್ ಜೊತೆ ಕೂತು ತೀರ್ಮಾನಿಸಿ. ಒಂದೂ ಪೇಪರ್ ಬರೆಯದ ಒಳ್ಳೆಯ ಎಂಡೋಸ್ಕೋಪಿ ವೈದ್ಯರಿದ್ದಾರೆ. ಸೈಟೇಷನ್ ಎಣಿಕೆ ಕೈಚಳಕವನ್ನು ಅಳೆಯುವುದಿಲ್ಲ.

ಗೈಡ್ ಹುಡುಕುವವರು, ಪರಿಚಯ ಬರೆಯುವವರು, ಹೊಸ ಚಿಕಿತ್ಸೆಯ ಬಗ್ಗೆ ಒಬ್ಬರು ಹೇಳಿದ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ನೋಡುವವರು ಮುಂದೆ ಓದಿ.

ಹಂತ 2: ಆ ಹೆಸರು ಆ ವ್ಯಕ್ತಿಯದೇನಾ?

ಜಾಸ್ತಿ ತಪ್ಪು ಆಗುವುದು ಇಲ್ಲಿ. ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ಕೊಡಿ.

ನಮ್ಮ ಕಡೆ ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಮನೆತನದ ಹೆಸರು ಹಲವರಿಗೆ ಇರುವುದೇ ಇಲ್ಲ. ಅಂತರರಾಷ್ಟ್ರೀಯ ಜರ್ನಲ್‌ಗಳ ವ್ಯವಸ್ಥೆ ಮನೆತನದ ಹೆಸರು ಇದ್ದೇ ಇರುತ್ತದೆ ಎಂದು ನಂಬಿ ಕಟ್ಟಿದ್ದು. ಉದಾಹರಣೆಗೆ ಎಚ್.ಕೆ. ಶಿವಕುಮಾರ್ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಒಂದು ಪೇಪರ್‌ನಲ್ಲಿ ‘ಶಿವಕುಮಾರ್ ಎಚ್‌ಕೆ’ ಆಗುತ್ತದೆ, ಇನ್ನೊಂದರಲ್ಲಿ ‘ಕುಮಾರ್ ಎಸ್’ ಆಗುತ್ತದೆ. ಇಂಗ್ಲಿಷಿನಲ್ಲಿ ಶಿವ ಎಂಬುದಕ್ಕೆ ಎರಡು ಮೂರು ಸ್ಪೆಲಿಂಗ್ ಇದೆ. ಗೌಡ ಎಂಬುದಕ್ಕೂ ಹಾಗೇ. ‘ಕುಮಾರ್ ಎಸ್’ ಎಂದು ಹುಡುಕಿದರೆ ಇಡೀ ದೇಶದ ಕುಮಾರರೆಲ್ಲ ಒಟ್ಟಿಗೆ ಬರುತ್ತಾರೆ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡ ವೈದ್ಯೆಯರ ಹಳೆಯ ಪೇಪರ್‌ಗಳು ಬೇರೆ ಯಾರದೋ ಅನ್ನುವಂತೆ ಪ್ರತ್ಯೇಕವಾಗಿ ಉಳಿದುಬಿಡುತ್ತವೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಹತ್ತು ವರ್ಷ ಮಾಡಿದ ಕೆಲಸ ಬರೀ ಹೆಸರಿನ ಗೊಂದಲದಿಂದ ಲೆಕ್ಕಕ್ಕೆ ಸಿಗದೆ ಹೋಗಬಾರದು.

ಊರಿನ ಹೆಸರೂ ಸುಲಭವಲ್ಲ. ಕರ್ನಾಟಕದ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ರಿಂದ ಬದಲಾಯಿತು. ಚಿಕ್ಕಮಗಳೂರು ಅದರಲ್ಲಿ ಒಂದು. ಆದ್ದರಿಂದ ಹಳೆಯ ಪೇಪರ್ ಬೇಕಾದರೆ ‘ಚಿಕ್‌ಮಗಳೂರ್’ ಎನ್ನುವ ಹಳೆಯ ಸ್ಪೆಲಿಂಗ್ ಹಾಕಬೇಕು, ಹೊಸದಕ್ಕೆ ಹೊಸದು. ಬೆಂಗಳೂರು, ಮೈಸೂರು, ಮಂಗಳೂರಿಗೂ ಇದೇ ಮಾತು. ಹಾಸನದ ಕಷ್ಟ ಬೇರೆ. ಹಾಸನದ ಇಂಗ್ಲಿಷ್ ಸ್ಪೆಲಿಂಗೂ ಹಸನ್ ಎಂಬ ಅರಬ್ ಹೆಸರಿನ ಸ್ಪೆಲಿಂಗೂ ಒಂದೇ. ಸುಮ್ನೆ ಊರಿನ ಹೆಸರು ಹಾಕಿದರೆ ಈಜಿಪ್ಟ್, ಪಾಕಿಸ್ತಾನ, ಮೊರಾಕೊದ ಲೇಖಕರ ಪಟ್ಟಿ ಬಂದು ನಿಲ್ಲುತ್ತದೆ. ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಉಚಿತ ತಾಣ ಪಬ್‌ಮೆಡ್‌ನಲ್ಲಿ ಊರಿನ ಹೆಸರಿನ ಪಕ್ಕ ಚೌಕ ಆವರಣದಲ್ಲಿ ‘ಎಡಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಹಾಕಿ. ಆಗ ಅದು ಸಂಸ್ಥೆಯ ವಿಳಾಸದಲ್ಲಿ ಮಾತ್ರ ಹುಡುಕುತ್ತದೆ. ಜೊತೆಗೆ ಕರ್ನಾಟಕ ಎಂದೂ ಸೇರಿಸಿ. ಲೇಖಕರ ಹೆಸರಿಗೆ ‘ಎಯು’ ಹಾಕಬೇಕು.

ಇನ್ನೊಂದು ಸೂಕ್ಷ್ಮ ಇದೆ. ಪಬ್‌ಮೆಡ್‌ನಲ್ಲಿ ಎಲ್ಲ ಲೇಖಕರ ವಿಳಾಸ ಸಿಗಲು ಶುರುವಾದದ್ದು ಸುಮಾರು 2014ರಿಂದ. ಅದಕ್ಕೂ ಮೊದಲಿನ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತದೆ. ನೀವು ಹುಡುಕುತ್ತಿರುವವರು ಮೂರನೆಯ ಲೇಖಕರಾಗಿದ್ದರೆ ಊರಿನ ಹೆಸರಿನಿಂದ ಸಿಗುವುದಿಲ್ಲ.

ಸುರಕ್ಷಿತ ದಾರಿ ಯಾವುದು ಅಂದರೆ, ಅವರದೇ ಎಂದು ಖಚಿತವಾಗಿ ಗೊತ್ತಿರುವ ಒಂದು ಪೇಪರಿನಿಂದ ಶುರು ಮಾಡುವುದು. ಅದರಲ್ಲಿ ಜೊತೆ ಲೇಖಕರು ಯಾರು, ಯಾವ ಆಸ್ಪತ್ರೆ, ಯಾವ ವಿಷಯ ನೋಡಿ. ಮಿಕ್ಕ ಪೇಪರ್‌ಗಳಲ್ಲಿ ಅದೇ ಜನ, ಅದೇ ಜಾಗ ಕಾಣುತ್ತಾ ಎಂದು ಹೊಂದಿಸಿ. ಅವರ ಬಳಿ ಆರ್ಕಿಡ್ ಸಂಖ್ಯೆ ಇದ್ದರೆ ಇಷ್ಟು ಕಷ್ಟ ಇಲ್ಲ. ಹೂವಿನ ಆರ್ಕಿಡ್ ಅಲ್ಲ, ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತಿನ ಸಂಖ್ಯೆ. 2012ರಲ್ಲಿ ಶುರುವಾಯಿತು, ಉಚಿತ. ಹಾಸನ, ಚಿಕ್ಕಮಗಳೂರು ಮೆಡಿಕಲ್ ಕಾಲೇಜಿನ ಯುವ ವೈದ್ಯರಲ್ಲಿ ನನ್ನ ಮನವಿ: ಮೊದಲ ಪೇಪರ್ ಕಳಿಸುವ ಮೊದಲೇ ಇದನ್ನು ಮಾಡಿಸಿಕೊಳ್ಳಿ, ಹೆಸರಿನ ಒಂದೇ ರೂಪವನ್ನು ಕೊನೆಯವರೆಗೂ ಬಳಸಿ.

ಹಂತ 3: ಬೇರೆ ಬೇರೆ ಕಡೆ ನೋಡಿ, ಅಂಕಿಗಳನ್ನು ಬೆರೆಸಬೇಡಿ

ಗೂಗಲ್ ಸ್ಕಾಲರ್ ಎಲ್ಲರಿಗೂ ಸಿಗುತ್ತದೆ. ಹೆಸರು ಹಾಕಿದರೆ ಪ್ರೊಫೈಲ್ ಬರುತ್ತದೆ. ಬಲಗಡೆ ಒಟ್ಟು ಸೈಟೇಷನ್, ಎಚ್-ಇಂಡೆಕ್ಸ್, ಐ10-ಇಂಡೆಕ್ಸ್ ಕಾಣುತ್ತವೆ. ಫೋನಿನಲ್ಲಿ ಮೇಲೋ ಕೆಳಗೋ ಇರುತ್ತವೆ. ಪಕ್ಕದ ಕಾಲಂನಲ್ಲಿ ಇತ್ತೀಚಿನ ಐದಾರು ವರ್ಷದ್ದು ಮಾತ್ರ ಇರುತ್ತದೆ. ಈ ಪ್ರೊಫೈಲನ್ನು ಆಯಾ ವ್ಯಕ್ತಿಯೇ ತೆರೆದಿರುತ್ತಾರೆ. ಪೇಪರ್‌ಗಳನ್ನು ಸೇರಿಸುವುದು ಬಹುಪಾಲು ಯಂತ್ರ. ಹಾಗಾಗಿ ಅದೇ ಹೆಸರಿನ ಬೇರೆಯವರ ಪೇಪರ್ ನುಸುಳಿರುವುದು ಸಾಮಾನ್ಯ. ಲಿವರ್ ತಜ್ಞರ ಪಟ್ಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಪೇಪರ್ ಕಂಡರೆ ಗಾಬರಿ ಬೇಡ, ಆದರೆ ಅದರ ಸೈಟೇಷನ್ ಕಳೆಯಿರಿ. ಸ್ಕಾಲರ್ ಥೀಸಿಸ್, ಪುಸ್ತಕ, ಪ್ರಕಟಣೆಗೆ ಮುಂಚಿನ ಕರಡು ಎಲ್ಲವನ್ನೂ ಎಣಿಸುತ್ತದೆ. ಅದಕ್ಕೇ ಅಲ್ಲಿನ ಅಂಕಿ ಸಾಮಾನ್ಯವಾಗಿ ದೊಡ್ಡದು.

ಸ್ಕೋಪಸ್ ಎಲ್ಸೆವಿಯರ್ ಕಂಪನಿಯದು, ವೆಬ್ ಆಫ್ ಸೈನ್ಸ್ ಕ್ಲಾರಿವೇಟ್ ಕಂಪನಿಯದು. ಇವು ಆಯ್ದ ಜರ್ನಲ್‌ಗಳನ್ನು ಮಾತ್ರ ಎಣಿಸುತ್ತವೆ, ಆದ್ದರಿಂದ ಅಂಕಿ ಚಿಕ್ಕದು. ಪೂರ್ತಿ ಬಳಸಲು ಚಂದಾ ಬೇಕು. ಲೇಖಕರ ಹೆಸರು ಹುಡುಕಿ ಎಚ್-ಇಂಡೆಕ್ಸ್ ನೋಡುವಷ್ಟು ಸ್ಕೋಪಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಒಬ್ಬರೇ ವ್ಯಕ್ತಿಯ ಎಚ್-ಇಂಡೆಕ್ಸ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಮೂರರಲ್ಲೂ ಬೇರೆ ಬೇರೆ ಇರುವುದು ತಪ್ಪಲ್ಲ. ಒಬ್ಬರದ್ದನ್ನು ಸ್ಕಾಲರ್‌ನಿಂದ, ಇನ್ನೊಬ್ಬರದ್ದನ್ನು ಸ್ಕೋಪಸ್‌ನಿಂದ ತೆಗೆದು ಹೋಲಿಸುವುದು ತಪ್ಪು.

ಪಬ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು, 1996ರಿಂದ ಉಚಿತವಾಗಿ ಸಿಗುತ್ತಿದೆ. ಇದು ಎಚ್-ಇಂಡೆಕ್ಸ್ ಕೊಡುವುದಿಲ್ಲ. ಆದರೆ ಯಾವ ಬಗೆಯ ಪೇಪರ್, ಹಿಂಪಡೆದದ್ದಾ (ಇದನ್ನು ನಂಬಬೇಡಿ ಎಂದು ಜರ್ನಲ್ ವಾಪಸ್ ತೆಗೆದುಕೊಂಡದ್ದಾ), ತಿದ್ದುಪಡಿ ಬಂದಿದೆಯಾ ಅನ್ನುವುದನ್ನು ಚೆನ್ನಾಗಿ ತೋರಿಸುತ್ತದೆ. ನನ್ನ ಕೆಲಸ ಶುರುವಾಗುವುದು ಸ್ಕಾಲರ್‌ನಲ್ಲಿ, ನಂಬಿಕೆ ಬರುವುದು ಪಬ್‌ಮೆಡ್‌ನಲ್ಲಿ.

ಹಂತ 4: ಎಚ್-ಇಂಡೆಕ್ಸ್ ಕೈಯಲ್ಲೇ ಲೆಕ್ಕ ಹಾಕಿ

ಇದನ್ನು 2005ರಲ್ಲಿ ಸೂಚಿಸಿದವರು ಜಾರ್ಜ್ ಹಿರ್ಷ್, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ. ಎಚ್-ಇಂಡೆಕ್ಸ್ 4 ಅಂದರೆ ಕನಿಷ್ಠ ನಾಲ್ಕು ಸಲ ಉಲ್ಲೇಖವಾದ ಪೇಪರ್ ನಾಲ್ಕಿವೆ ಎಂದು ಅರ್ಥ. ಒಬ್ಬರ ಏಳು ಪೇಪರ್‌ಗಳಿಗೆ 60, 22, 9, 5, 4, 2, 0 ಸೈಟೇಷನ್ ಬಂದಿವೆ ಅಂದುಕೊಳ್ಳಿ. ದೊಡ್ಡದರಿಂದ ಕೆಳಗೆ ಎಣಿಸಿ. ನಾಲ್ಕನೆಯದಕ್ಕೆ 5 ಇದೆ, ಅಂದರೆ ನಾಲ್ಕು ಪೇಪರ್‌ಗೆ ಕನಿಷ್ಠ ನಾಲ್ಕು ಸಿಕ್ಕಿವೆ. ಐದನೆಯದಕ್ಕೆ 4 ಮಾತ್ರ. ಹಾಗಾಗಿ ಎಚ್-ಇಂಡೆಕ್ಸ್ 4. ಒಟ್ಟು ಸೈಟೇಷನ್ 102. ಹತ್ತು ಅಥವಾ ಹೆಚ್ಚು ಸೈಟೇಷನ್ ಇರುವ ಪೇಪರ್ ಎರಡು, ಆದ್ದರಿಂದ ಐ10 ಎರಡು.

ಈಗ ಮೊದಲ ಪೇಪರಿನ 60ನ್ನು 600 ಮಾಡಿ. ಎಚ್-ಇಂಡೆಕ್ಸ್ ಅಲ್ಲೇ ನಿಂತಿರುತ್ತದೆ, ನಾಲ್ಕು. ಜೀವಮಾನದ ಒಂದು ದೊಡ್ಡ ಕೆಲಸವನ್ನು ಈ ಅಂಕಿ ಗುರುತಿಸುವುದೇ ಇಲ್ಲ. ಇನ್ನೊಂದು ಗುಣವೂ ಇದೆ: ಇದು ಎಂದೂ ಇಳಿಯುವುದಿಲ್ಲ. ನಿವೃತ್ತಿಯಾದ ಮೇಲೂ ಏರುತ್ತದೆ. ಹಿರಿಯರನ್ನೂ ಕಿರಿಯರನ್ನೂ ಹೋಲಿಸುವಾಗ ಎಚ್-ಇಂಡೆಕ್ಸನ್ನು ಮೊದಲ ಪೇಪರಿನಿಂದ ಈವರೆಗಿನ ವರ್ಷಗಳಿಂದ ಭಾಗಿಸಿ ನೋಡಿ ಎಂದು ಹಿರ್ಷ್ ಅವರೇ ಹೇಳಿದ್ದರು. ಹತ್ತು ವರ್ಷದಲ್ಲಿ 20 ಆದವರೂ ಮೂವತ್ತು ವರ್ಷದಲ್ಲಿ 30 ಆದವರೂ ಒಂದೇ ಪಟ್ಟಿಯಲ್ಲಿ ನಿಂತರೆ ಯಾರ ವೇಗ ಜಾಸ್ತಿ ಅನ್ನುವುದು ಆಗ ಗೊತ್ತಾಗುತ್ತದೆ.

ಬೇರೆ ವಿಷಯದವರ ಜೊತೆ ಹೋಲಿಸಲೇಬೇಡಿ. ಗಣಿತದ ಪ್ರಾಧ್ಯಾಪಕರ ಅಂಕಿಗೂ ಲಿವರ್ ತಜ್ಞರ ಅಂಕಿಗೂ ಸಂಬಂಧವಿಲ್ಲ. ಗ್ಯಾಸ್ಟ್ರೋಎಂಟರಾಲಜಿಯ ಒಳಗೂ ವ್ಯತ್ಯಾಸ ಇದೆ. ಹೆಪಟೈಟಿಸ್ ಸಿ ಗುಣಪಡಿಸುವ ಹೊಸ ಮಾತ್ರೆಗಳು 2013ರ ಕೊನೆಯಿಂದ ಬಂದಾಗ ಆ ವಿಷಯದ ಪೇಪರ್‌ಗಳನ್ನು ಎಲ್ಲರೂ ಉಲ್ಲೇಖಿಸಿದರು. ಮಲಬದ್ಧತೆಯ ಮೇಲೆ ಅಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿದವರಿಗೆ ಆ ಅಲೆ ಸಿಗಲಿಲ್ಲ. ಈ ಅಸಮತೋಲನ ತಗ್ಗಿಸಲು ಐಸೈಟ್ ಎಂಬ ಉಚಿತ ಸಾಧನ ಇದೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳದ್ದು. ಪಬ್‌ಮೆಡ್ ಪ್ರತಿ ಪೇಪರಿಗೂ ಕೊಡುವ ಗುರುತಿನ ಸಂಖ್ಯೆಗಳನ್ನು ಅಲ್ಲಿ ಹಾಕಿದರೆ ಪ್ರತಿ ಪೇಪರಿಗೂ ಒಂದು ಅನುಪಾತ ಕೊಡುತ್ತದೆ. ಅದೇ ಕ್ಷೇತ್ರದ, ಅದೇ ಕಾಲದ ಪೇಪರ್‌ಗಳ ಜೊತೆ ಹೋಲಿಸಿದ ಅನುಪಾತ ಅದು. 1 ಅಂದರೆ ಆ ಸಂಸ್ಥೆಯ ಧನಸಹಾಯ ಪಡೆದ ಪೇಪರ್‌ಗಳ ಮಟ್ಟ. ಜಿಲ್ಲಾ ಮಟ್ಟದ ಕಾಲೇಜಿನಿಂದ ಬಂದ ಪೇಪರ್ 1ರ ಹತ್ತಿರ ಇದ್ದರೆ ಅದು ದೊಡ್ಡ ವಿಷಯ.

ಹಂತ 5: ಪೇಪರ್ ಯಾವ ಬಗೆಯದು, ಹೆಸರು ಯಾವ ಜಾಗದಲ್ಲಿ?

ಸ್ಕಾಲರ್ ಪ್ರೊಫೈಲ್‌ನಲ್ಲಿ ಮೇಲಿನ ಹತ್ತು ಪೇಪರ್‌ಗಳನ್ನು ಒಂದೊಂದಾಗಿ ತೆರೆಯಿರಿ. ಮಾರ್ಗಸೂಚಿಗಳು, ರೋಗ ಗುರುತಿಸುವ ಮಾನದಂಡಗಳು, ವಿಮರ್ಶಾ ಲೇಖನಗಳು ಸಹಜವಾಗಿಯೇ ಜಾಸ್ತಿ ಸೈಟೇಷನ್ ಪಡೆಯುತ್ತವೆ. ಒಂದು ರೋಗಿಯ ಕೇಸ್ ರಿಪೋರ್ಟ್‌ಗೆ ಸೈಟೇಷನ್ ಬರುವುದು ಅಪರೂಪ. ಜಗತ್ತಿನ ರೋಗಭಾರ ಲೆಕ್ಕ ಹಾಕುವ ದೊಡ್ಡ ಅಧ್ಯಯನಗಳಲ್ಲಿ ನೂರಾರು ಲೇಖಕರಿರುತ್ತಾರೆ. ಅದರಲ್ಲಿ ಒಂದು ಹೆಸರು ಇದ್ದರೂ ಸಾವಿರಾರು ಸೈಟೇಷನ್ ಲೆಕ್ಕಕ್ಕೆ ಬಂದುಬಿಡುತ್ತದೆ. ಅದು ಮೋಸವಲ್ಲ, ದತ್ತಾಂಶ ಕೊಟ್ಟವರಿಗೆ ಪಾಲು ಸಿಗಬೇಕಾದ್ದೇ. ಆದರೆ ಒಟ್ಟು 9,000ದಲ್ಲಿ 7,500 ಅಂಥ ಎರಡೇ ಪೇಪರಿನದ್ದಾದರೆ ಅದನ್ನು ಹೇಳಬೇಕು.

ವೈದ್ಯಕೀಯದಲ್ಲಿ ಹೆಸರಿನ ಜಾಗಕ್ಕೆ ಬೆಲೆ ಇದೆ. ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿ ಬರೆದವರದು. ಕೊನೆಯ ಹೆಸರು ತಂಡ ಕಟ್ಟಿ ದಾರಿ ತೋರಿಸಿದ ಹಿರಿಯರದು. ಗೈಡ್ ಹುಡುಕುವ ವಿದ್ಯಾರ್ಥಿಗಳೇ, ಇಲ್ಲಿ ಸರಿಯಾಗಿ ನೋಡಿ. ಒಬ್ಬ ಪ್ರಾಧ್ಯಾಪಕರು ಕೊನೆಯ ಹೆಸರಾಗಿರುವ ಪೇಪರ್‌ಗಳಲ್ಲಿ ಮೊದಲ ಹೆಸರು ಯಾರದು? ಬೇರೆ ಬೇರೆ ವಿದ್ಯಾರ್ಥಿಗಳದ್ದಾದರೆ ಅವರ ಕೈಕೆಳಗೆ ಮಕ್ಕಳು ಬೆಳೆಯುತ್ತಿದ್ದಾರೆ ಎಂದು ಅರ್ಥ. ಥೀಸಿಸ್‌ನಿಂದ ಪೇಪರ್ ಬಂದಾಗ ವಿದ್ಯಾರ್ಥಿಯ ಹೆಸರು ಮೂರನೆಯದೋ ನಾಲ್ಕನೆಯದೋ ಆಗಿ ಹೋಗಿದ್ದರೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ವಿಚಾರಿಸಿ. ನನ್ನ ಮಟ್ಟಿಗೆ ಎಚ್-ಇಂಡೆಕ್ಸ್‌ಗಿಂತ ಇದೇ ಮುಖ್ಯ.

ಹಂತ 6: ಯಾಕೆ ಉಲ್ಲೇಖಿಸಿದ್ದಾರೆ?

ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಕರುಳಿನ ರೋಗಗಳ ಮೇಲೆ ಕೆಲಸ ಮಾಡುತ್ತಿದ್ದ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಒಂದು ಪೇಪರ್ ಪ್ರಕಟಿಸಿದರು. ಬರೀ 12 ಮಕ್ಕಳ ಮೇಲಿನ ವರದಿ. ದಡಾರ, ಮಂಪ್ಸ್, ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಭಯ ಅದರಿಂದ ಹರಡಿತು. 2010ರಲ್ಲಿ ‘ಲ್ಯಾನ್ಸೆಟ್’ ಆ ಪೇಪರನ್ನು ಪೂರ್ತಿ ಹಿಂಪಡೆಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ಅವರ ಹೆಸರು ತೆಗೆದುಹಾಕಲಾಯಿತು. ಆ ಪೇಪರಿಗೆ ಸಾವಿರಕ್ಕೂ ಹೆಚ್ಚು ಸೈಟೇಷನ್ ಇವೆ. 2019ರಲ್ಲಿ ಅಮೆರಿಕದ ಗ್ರಂಥಪಾಲಕರೊಬ್ಬರ ತಂಡ ಅವನ್ನು ಒಂದೊಂದಾಗಿ ಓದಿ ನೋಡಿತು. ಬಹುಪಾಲು ಟೀಕೆಯೇ ಆಗಿತ್ತು. ಆದರೆ ಎಣಿಸುವ ಯಂತ್ರಕ್ಕೆ ಟೀಕೆಯೂ ಒಂದು, ಮೆಚ್ಚುಗೆಯೂ ಒಂದು.

ಇದಕ್ಕೆ ವಿರುದ್ಧವಾದ ಕಥೆ ಕೋಲ್ಕತ್ತದ್ದು. ಕಾಲರಾದಲ್ಲಿ ಕರುಳಿನಿಂದ ನೀರು ಸುರಿಯುವುದು ಯಾಕೆ ಎಂಬುದಕ್ಕೆ ಉತ್ತರ ಕೊಟ್ಟವರು ಶಂಭುನಾಥ ಡೇ. ಕಾಲರಾ ಬ್ಯಾಕ್ಟೀರಿಯಾ ಹೊರಹಾಕುವ ವಿಷವೇ ಕಾರಣ ಎಂದು ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ 1959ರಲ್ಲಿ ‘ನೇಚರ್’ನಲ್ಲಿ ಬರೆದರು. ಆಗ ದೇಶದಲ್ಲಿ ಅವರನ್ನು ಗುರುತಿಸಿದವರು ಕಡಿಮೆ. 1985ರಲ್ಲಿ ತೀರಿಕೊಂಡರು. ಸೈಟೇಷನ್ ಎಣಿಕೆಯನ್ನೇ ಒಂದು ವಿದ್ಯೆಯಾಗಿ ಕಟ್ಟಿದ, 1964ರಲ್ಲಿ ಮೊದಲ ಸೈನ್ಸ್ ಸೈಟೇಷನ್ ಇಂಡೆಕ್ಸ್ ತಂದ ಯೂಜೀನ್ ಗಾರ್‌ಫೀಲ್ಡ್ 1986ರಲ್ಲಿ ಡೇ ಅವರ ಕೆಲಸದ ಮೇಲೆ ಲೇಖನ ಬರೆದು, ಅವರ ಪ್ರಭಾವ ಎಷ್ಟು ದೂರ ಹೋಗಿದೆ ಎಂದು ತೋರಿಸಿದರು. ಎಣಿಕೆಯಿಂದ ಒಳ್ಳೆಯದೂ ಆಗುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಪ್ರಿಯವಾದ ಉದಾಹರಣೆ ಇಲ್ಲ. ಮರೆತುಹೋಗಬಹುದಾಗಿದ್ದ ಒಬ್ಬರನ್ನು ಅಂಕಿ ಕೈಹಿಡಿದು ಎತ್ತಿತು.

ಎಣಿಕೆಗೆ ಸಿಗದ ಪ್ರಭಾವವೂ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸುವ ವ್ಯವಸ್ಥೆ ಮಾಡಿದರು. ಸಾವಿನ ಪ್ರಮಾಣ ಶೇ 30ರ ಸುಮಾರಿನಿಂದ ಶೇ 3.6ಕ್ಕೆ ಇಳಿಯಿತು. ಪೇಪರ್ 1973ರಲ್ಲಿ ಬಂತು. ಇವತ್ತು ಬೇಲೂರಿನ ಅಂಗನವಾಡಿಯಲ್ಲಿ, ಮೂಡಿಗೆರೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಪೊಟ್ಟಣ ಕೊಡುವಾಗ ಯಾರೂ ಆ ಪೇಪರನ್ನು ಉಲ್ಲೇಖಿಸುವುದಿಲ್ಲ, ಅಲ್ವಾ?

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಮುಖ್ಯ ಪೇಪರಿನ ಕೆಳಗೆ ‘ಇಷ್ಟು ಕಡೆ ಉಲ್ಲೇಖ’ ಎಂದು ತೋರಿಸುವ ಕೊಂಡಿ ಒತ್ತಿ. ಬರುವ ಪಟ್ಟಿಯಿಂದ ನಾಲ್ಕೈದು ತೆರೆದು, ಆ ಹೆಸರು ಬಂದ ವಾಕ್ಯ ಓದಿ. ಇವರ ವಿಧಾನ ಬಳಸಿದ್ದಾರಾ, ಒಪ್ಪಿದ್ದಾರಾ, ಅಲ್ಲಗಳೆದಿದ್ದಾರಾ, ಸುಮ್ನೆ ಪಟ್ಟಿಗೆ ಸೇರಿಸಿದ್ದಾರಾ? ಉಲ್ಲೇಖಿಸಿದವರಲ್ಲಿ ಅವರದೇ ತಂಡದವರು ಎಷ್ಟು? ತಮ್ಮ ಹಿಂದಿನ ಕೆಲಸವನ್ನು ತಾವೇ ಉಲ್ಲೇಖಿಸುವುದು ಸಹಜ. ಅದೇ ಬಹುಪಾಲಾದರೆ ಪ್ರಭಾವ ಮನೆಯ ಹೊಸ್ತಿಲು ದಾಟಿಲ್ಲ.

ಹಂತ 7: ಜರ್ನಲ್ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

‘ಗಟ್’, ‘ಗ್ಯಾಸ್ಟ್ರೋಎಂಟರಾಲಜಿ’, ‘ಜರ್ನಲ್ ಆಫ್ ಹೆಪಟಾಲಜಿ’ ಈ ಕ್ಷೇತ್ರದ ದೊಡ್ಡ ಜರ್ನಲ್‌ಗಳು. ನಮ್ಮ ದೇಶದಲ್ಲಿ ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯ ‘ಇಂಡಿಯನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿ’ 1982ರಿಂದ ಬರುತ್ತಿದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಜರ್ನಲಿನ ಸರಾಸರಿ, ಲೇಖಕರದ್ದಲ್ಲ. ಹಿಂದಿನ ಎರಡು ವರ್ಷದಲ್ಲಿ ಬಂದ ಲೇಖನಗಳಿಗೆ ಈ ವರ್ಷ ಸಿಕ್ಕ ಸೈಟೇಷನ್‌ಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಬರುತ್ತದೆ. ಕೆಲವೇ ಪೇಪರ್‌ಗಳು ಆ ಸರಾಸರಿಯನ್ನು ಮೇಲೆತ್ತಿರುತ್ತವೆ. ಒಬ್ಬರ ಎಲ್ಲ ಪೇಪರ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸಿ ದೊಡ್ಡ ಮೊತ್ತ ಬರೆಯುವ ರೂಢಿ ಇದೆ. ಅದಕ್ಕೆ ಅರ್ಥವೇ ಇಲ್ಲ, ಬರೆಯಬೇಡಿ.

ದುಡ್ಡಿಗೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳೂ ಇವೆ. ಬಡ್ತಿಗೆ ಪೇಪರ್ ಬೇಕು ಎಂಬ ಒತ್ತಡದಲ್ಲಿ ಸಂಬಳದ ದುಡ್ಡನ್ನು ಇವಕ್ಕೆ ಕಟ್ಟಿದ ಯುವ ವೈದ್ಯರನ್ನು ನೋಡಿದ್ದೇನೆ. ಹೊಗಳಿಕೆಯ ಇಮೇಲ್, ಒಂದು ವಾರದಲ್ಲಿ ಪ್ರಕಟಣೆಯ ಭರವಸೆ, ಹೆಸರಾಂತ ಜರ್ನಲನ್ನೇ ಹೋಲುವ ಹೆಸರು ಇವೆಲ್ಲ ಗುರುತುಗಳು. ‘ಪಬ್‌ಮೆಡ್‌ನಲ್ಲಿ ಇದೆ’ ಅಂದ ಮಾತ್ರಕ್ಕೆ ಸಾಲದು. ಪಬ್‌ಮೆಡ್ ಒಳಗೆ ಮೆಡ್‌ಲೈನ್ ಎಂಬ ಆಯ್ದ ಭಾಗ ಬೇರೆಯೇ ಇದೆ. ಅದೇ ಗ್ರಂಥಾಲಯದ ಜರ್ನಲ್ ಕ್ಯಾಟಲಾಗ್ ತೆರೆದು, ಆ ಜರ್ನಲ್ ಈಗ ಮೆಡ್‌ಲೈನ್‌ನಲ್ಲಿ ಇದೆಯಾ ನೋಡಿ. ಒಬ್ಬರ ಪಟ್ಟಿಯಲ್ಲಿ ಇಂಥ ಒಂದೆರಡು ಕಂಡರೆ ಅವರನ್ನು ತೀರ್ಪಿಗೆ ಎಳೆಯಬೇಡಿ. ಅರ್ಧಕ್ಕಿಂತ ಜಾಸ್ತಿ ಇಂಥವೇ ಆದರೆ ಮಾತ್ರ ಪೇಪರ್‌ಗಳ ಸಂಖ್ಯೆಯನ್ನು ಪಕ್ಕಕ್ಕಿಡಿ.

ಹಂತ 8: ‘ಜಗತ್ತಿನ ಶೇ 2’ ಪಟ್ಟಿ

ನಮ್ಮವರು ಜಗತ್ತಿನ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿದ್ದಾರೆ ಎಂದು ಪ್ರತಿ ವರ್ಷ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಯೊಯಾನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಮಾಡುವ ಪಟ್ಟಿ. ಪ್ರಶಸ್ತಿಯಲ್ಲ, ಯಾರೂ ಅರ್ಜಿ ಹಾಕುವುದಿಲ್ಲ. ಎರಡು ಪಟ್ಟಿ ಇರುತ್ತವೆ: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಯಾವುದರಲ್ಲಿ ಹೆಸರಿದೆ ಎಂದು ಕೇಳಿ, ಸುದ್ದಿಯಲ್ಲಿ ಅದನ್ನು ಬರೆಯಿರಿ. ಫೈಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಸ್ವಂತ ಉಲ್ಲೇಖದ ಪ್ರಮಾಣಕ್ಕೆ ಒಂದು ಕಾಲಂ ಇದೆ, ಇತ್ತೀಚಿನ ಆವೃತ್ತಿಗಳಲ್ಲಿ ಹಿಂಪಡೆದ ಪೇಪರ್‌ಗಳ ಎಣಿಕೆಯೂ ಇದೆ. ಮೊದಲ, ಕೊನೆಯ, ಒಂಟಿ ಲೇಖಕರಾಗಿ ಮಾಡಿದ ಕೆಲಸಕ್ಕೆ ತೂಕ ಕೊಡುವುದರಿಂದ ಬರೀ ಎಚ್-ಇಂಡೆಕ್ಸ್‌ಗಿಂತ ಇದು ಉತ್ತಮ ಎನ್ನುವುದು ನನ್ನ ಅಭಿಪ್ರಾಯ.

ಹಂತ 9: ಮೂರು ಪೇಪರ್ ಓದಿ

ಇದನ್ನು ಬಿಟ್ಟರೆ ಮೇಲಿನದೆಲ್ಲ ಅರ್ಧ ಕೆಲಸ. ಅತಿ ಹೆಚ್ಚು ಸೈಟೇಷನ್ ಇರುವುದು ಒಂದು, ಮೊದಲ ಅಥವಾ ಕೊನೆಯ ಹೆಸರಾಗಿ ಈಚೆಗೆ ಬರೆದದ್ದು ಒಂದು, ನಮ್ಮ ಜನರ ರೋಗದ ಬಗ್ಗೆ ಬರೆದದ್ದು ಒಂದು. ಎಲ್ಲ ಅರ್ಥವಾಗಬೇಕಿಲ್ಲ. ಎಷ್ಟು ರೋಗಿಗಳು, ಯಾರ ಜೊತೆ ಹೋಲಿಸಿದರು, ಏನು ಕಂಡರು, ಮಿತಿ ಏನು ಎಂದು ಅವರೇ ಬರೆದಿದ್ದಾರೆ ಎಂಬ ನಾಲ್ಕು ಸಂಗತಿ ಹುಡುಕಿ.

ನಮಗೆ ಹತ್ತಿರದ ವಿಷಯದಲ್ಲೇ ಮಾಡಿ ನೋಡೋಣ. ಕಾಫಿ ಲಿವರಿಗೆ ಒಳ್ಳೆಯದು ಎಂಬ ಮಾತು ಮಲೆನಾಡಿನಲ್ಲಿ ಎಲ್ಲರಿಗೂ ಇಷ್ಟ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕಾಫಿ ಮತ್ತು ಆರೋಗ್ಯದ ಮೇಲೆ ಒಂದು ದೊಡ್ಡ ಅವಲೋಕನ ಬಂತು. ಜನರನ್ನು ಗಮನಿಸಿ ಮಾತ್ರ ನೋಡುವ ವೀಕ್ಷಣೆಯ ಅಧ್ಯಯನಗಳ 201 ಕ್ರೋಡೀಕರಣಗಳನ್ನೂ (ಹಲವು ಅಧ್ಯಯನಗಳ ಫಲಿತಾಂಶ ಒಟ್ಟು ಸೇರಿಸಿದ ಲೆಕ್ಕ) ಪ್ರಯೋಗಗಳ 17 ಕ್ರೋಡೀಕರಣಗಳನ್ನೂ ಅದು ಒಟ್ಟಿಗೆ ನೋಡಿತು. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವ ಕಾಯಿಲೆ ಕಡಿಮೆ ಎಂಬ ನಂಟು ಕಂಡಿತು. ಆ ಪೇಪರಿಗೆ ಸೈಟೇಷನ್ ಬೇಕಾದಷ್ಟಿವೆ. ಆದರೆ ಓದಿದರೆ ತಿಳಿಯುವುದೇನು? ನಂಟು ಕಂಡದ್ದು ನಿಜ, ಕಾಫಿಯೇ ಕಾರಣ ಎಂದು ಸಾಬೀತಾಗಿಲ್ಲ ಎಂದು ಲೇಖಕರೇ ಹೇಳುತ್ತಾರೆ. ಪ್ರಯೋಗ ಮಾಡಿ ನೋಡಬೇಕು ಎನ್ನುತ್ತಾರೆ. ಜೊತೆಗೆ ನಮ್ಮ ಕಡೆ ಲೋಟದಲ್ಲಿ ಇರುವುದು ಹಾಲು, ಸಕ್ಕರೆ, ಎಷ್ಟೋ ಸಲ ಚಿಕೋರಿಯೂ ಸೇರಿದ ಕಾಫಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಗಿಡದ ಸಂಶೋಧನೆ ನಡೆಯುತ್ತಿದೆ. ಆ ಕಾಫಿ ಕುಡಿಯುವ ನಮ್ಮ ಜನರ ಲಿವರ್ ಮೇಲೆ ಇಲ್ಲಿನ ಕಾಲೇಜಿನಿಂದ ಒಳ್ಳೆಯ ಅಧ್ಯಯನ ಬಂದರೆ, ಸೈಟೇಷನ್ ಹತ್ತೇ ಇದ್ದರೂ ನನಗೆ ಅದು ಮುಖ್ಯ.

ಪೂರ್ತಿ ಪೇಪರ್ ತೆರೆಯಲು ದುಡ್ಡು ಕೇಳಿದರೆ ಕಟ್ಟಬೇಡಿ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಜರ್ನಲ್‌ಗಳು ತೆರೆದಿವೆ. ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ. ಹೊರಗಿನವರಾದರೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪ್ರತಿ ಹುಡುಕಿ, ಸಿಗದಿದ್ದರೆ ಲೇಖಕರಿಗೇ ಬರೆಯಿರಿ. ಬಹಳಷ್ಟು ಜನ ಸಂತೋಷದಿಂದ ಕಳಿಸುತ್ತಾರೆ.

ಹಂತ 10: ಬರೆಯುವುದು

‘ನೂರಾರು ಪೇಪರ್, ಸಾವಿರಾರು ಸೈಟೇಷನ್‌ಗಳ ವಿಶ್ವವಿಖ್ಯಾತ ತಜ್ಞರು’ ಎಂದು ಬರೆಯಬೇಡಿ. ಬದಲಿಗೆ ಹೀಗೆ ಬರೆಯಬಹುದು: ‘ಇವರು ಇಪ್ಪತ್ತು ವರ್ಷದಿಂದ ಮದ್ಯಪಾನದಿಂದ ಬರುವ ಲಿವರ್ ಕಾಯಿಲೆಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಪಬ್‌ಮೆಡ್‌ನಲ್ಲಿ 48 ಪೇಪರ್ ಇವೆ, 19ರಲ್ಲಿ ಮೊದಲ ಅಥವಾ ಕೊನೆಯ ಲೇಖಕರು. ಸ್ಕೋಪಸ್‌ನಲ್ಲಿ ಎಚ್-ಇಂಡೆಕ್ಸ್ 14. ಹೆಚ್ಚು ಉಲ್ಲೇಖವಾದದ್ದು ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ. ಇವರ ಬಳಿ ಕಲಿತ ಆರು ಮಂದಿ ತಮ್ಮ ಥೀಸಿಸ್ ಅನ್ನು ಮೊದಲ ಲೇಖಕರಾಗಿ ಪ್ರಕಟಿಸಿದ್ದಾರೆ.’ ಇಲ್ಲಿನ ಅಂಕಿಗಳೆಲ್ಲ ಮಾದರಿಗೆ ಹಾಕಿದ್ದು. ನಿಮ್ಮದರಲ್ಲಿ ನಿಜವಾದವು ಬರಲಿ, ಪಕ್ಕದಲ್ಲಿ ನೋಡಿದ ದಿನಾಂಕ ಇರಲಿ. ಸೈಟೇಷನ್ ಎಣಿಕೆ ವಾರ ವಾರ ಬದಲಾಗುತ್ತದೆ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಆ ವೈದ್ಯರಿಗೆ ತೋರಿಸಿ. ಬೇರೆಯವರ ಪೇಪರ್ ಅವರ ಪ್ರೊಫೈಲ್‌ಗೆ ಸೇರಿದ್ದು ಕಂಡಿದ್ದರೆ ಅದನ್ನೂ ನೇರವಾಗಿ ಹೇಳಿ. ಸ್ಕಾಲರ್‌ನಲ್ಲಾದರೆ ಆ ಸಾಲನ್ನು ಆರಿಸಿ ಅವರೇ ಅಳಿಸಬಹುದು. ಸ್ಕೋಪಸ್‌ನಲ್ಲಾದರೆ ತಿದ್ದುಪಡಿಗೆ ಮನವಿ ಕಳಿಸಬೇಕು, ಅದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ. ಕಾರ್ಯಕ್ರಮದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.